ಸೈಕಲ್ಲಿನಲ್ಲಿ ಭಾರ ಸಾಗಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಲಿನ ಕ್ಯಾನು, ಎಳನೀರಿನ ಗೊನೆ, ಹಿಪ್ಪುನೇರಳೆ ಸೊಪ್ಪಿನ ಹೊರೆ, ಕುಡಿಯುವ ನೀರಿನ ಕೊಡ, ಅಕ್ಕಿಯ ಮೂಟೆ, ಹಸಿಹುಲ್ಲು, ಸೌದೆ ಮುಂತಾದವನ್ನು ಸೈಕಲ್ಲಿನಲ್ಲಿ ಸಾಗಿಸಿ ಬದುಕು ನಡೆಸುವವರು ನಮ್ಮ ಊರುಗಳಲ್ಲಿ ಇಂದಿಗೂ ಇದ್ದಾರೆ. ಪೆಟ್ರೋಲಿನ ಖರ್ಚು ತಗ್ಗಿಸಬೇಕೆನ್ನುವ ಸಣ್ಣ ವ್ಯಾಪಾರಿಗಳೂ ಈ ದಾರಿಯ ಬಗ್ಗೆ ವಿಚಾರಿಸುತ್ತಾರೆ. ಕೆಳಗಿನ ಉತ್ತರಗಳನ್ನು ಮುಖ್ಯವಾಗಿ ನಮ್ಮಲ್ಲಿ ಸಿಗುವ 28 ಇಂಚಿನ ಚಕ್ರದ ಸಾದಾ ಕಪ್ಪು ಸೈಕಲ್ಲನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಲಾಗಿದೆ. ಲೆಕ್ಕ ಕೊಟ್ಟಿರುವಲ್ಲೆಲ್ಲ ಸವಾರನ ತೂಕ 60 ಕೆ.ಜಿ., ಸೈಕಲ್ಲಿನ ತೂಕ 22 ಕೆ.ಜಿ., ಹೇರಿದ ಸಾಮಾನು 90 ಕೆ.ಜಿ., ಒಟ್ಟು 172 ಕೆ.ಜಿ. ಎಂದು ಇಟ್ಟುಕೊಂಡಿದೆ.

ಸಾಮಾನ್ಯ ಸೈಕಲ್ಲು ನಿಜಕ್ಕೂ ಎಷ್ಟು ಭಾರ ಹೊರಬಲ್ಲದು?

ಸವಾರ ಸೈಕಲ್ಲಿನ ಮೇಲೆ ಕುಳಿತು ತುಳಿಯುತ್ತಾನೋ, ಪಕ್ಕದಲ್ಲಿ ನಡೆಯುತ್ತ ತಳ್ಳುತ್ತಾನೋ ಎಂಬುದರ ಮೇಲೆ ಇದರ ಉತ್ತರ ನಿಂತಿದೆ. ಅಂಗಡಿಯಿಂದ ಸೈಕಲ್ಲಿನ ಜೊತೆಗೇ ಬರುವ ತೆಳು ಕ್ಯಾರಿಯರಿನ ಮೇಲೆ 25ರಿಂದ 30 ಕೆ.ಜಿ.ಗಿಂತ ಹೆಚ್ಚು ಹೇರದಿರುವುದು ಒಳ್ಳೆಯದು. ದಪ್ಪ ಸರಳಿನ ಕ್ಯಾರಿಯರ್ ಹಾಕಿಸಿ, ಅದರ ಕಾಲುಗಳನ್ನು ಹಿಂದಿನ ಚಕ್ರದ ಆಕ್ಸಲ್ಲಿಗೇ (ನಡುವಿನ ಅಚ್ಚಿಗೇ) ಬಿಗಿಸಿ, ಚಕ್ರವನ್ನೂ ಗಟ್ಟಿಯಾಗಿ ಕಟ್ಟಿಸಿದ್ದರೆ ಸಮತಟ್ಟಾದ ರಸ್ತೆಯಲ್ಲಿ 80ರಿಂದ 100 ಕೆ.ಜಿ.ವರೆಗೆ ತುಳಿದುಕೊಂಡು ಹೋಗಬಹುದು. ಹಳ್ಳಿಗಾಡಿನ ರಸ್ತೆಗಳಿಗೆಂದೇ ವರ್ಲ್ಡ್ ಬೈಸಿಕಲ್ ರಿಲೀಫ್ ಎಂಬ ಸಂಸ್ಥೆ ರೂಪಿಸಿದ, ಆಫ್ರಿಕದ ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ‘ಬಫೆಲೋ’ ಸೈಕಲ್ಲಿನ ಕ್ಯಾರಿಯರಿಗೂ 100 ಕೆ.ಜಿ.ಯೇ ಮಿತಿ. ಭಾರ ಹೊರಲೆಂದೇ ಹುಟ್ಟಿದ ಸೈಕಲ್ಲಿಗೇ ಅಷ್ಟು ಮಿತಿ ಇರುವಾಗ, ನಮ್ಮ ಸಾದಾ ಸೈಕಲ್ಲಿನಿಂದ ಅದಕ್ಕಿಂತ ಹೆಚ್ಚನ್ನು ಸವಾರನ ಸಮೇತ ನಿರೀಕ್ಷಿಸುವುದು ಸರಿಯಲ್ಲ.

ತಳ್ಳುವುದಾದರೆ ಲೆಕ್ಕವೇ ಬೇರೆ. ಝಾರ್ಖಂಡದ ಕಲ್ಲಿದ್ದಲು ಪ್ರದೇಶದಲ್ಲಿ ಬಡವರು ಗೋಣಿಚೀಲಗಳಲ್ಲಿ ಕಲ್ಲಿದ್ದಲು ತುಂಬಿ, ಇದೇ ಮಾದರಿಯ ಸೈಕಲ್ಲುಗಳ ಮೇಲೆ 200 ಕೆ.ಜಿ.ಗೂ ಹೆಚ್ಚು ಹೇರಿಕೊಂಡು ಹತ್ತಾರು ಕಿ.ಮೀ. ತಳ್ಳಿಕೊಂಡು ಹೋಗುತ್ತಾರೆ. ಅದು ಮೈಯನ್ನು ಸವೆಸುವ ದುಡಿಮೆ; ಯಾರೂ ಅನುಕರಿಸಬೇಕಾದ ಅಳತೆಯಲ್ಲ. ಸೈಕಲ್ಲಿನ ಕಬ್ಬಿಣ ಎಷ್ಟನ್ನು ತಡೆಯುತ್ತದೆ ಎಂಬುದನ್ನು ಮಾತ್ರ ಅದು ತೋರಿಸಿಕೊಡುತ್ತದೆ.

ಯಾವ ಸೈಕಲ್ಲನ್ನು ಆರಿಸಿಕೊಳ್ಳಬೇಕು? ಗೇರ್ ಸೈಕಲ್ಲು ಒಳ್ಳೆಯದಲ್ಲವೇ?

ಭಾರ ಸಾಗಿಸುವುದೇ ಮುಖ್ಯ ಕೆಲಸವಾದರೆ ಸಾದಾ ಕಪ್ಪು ಸೈಕಲ್ಲೇ ಮೊದಲ ಆಯ್ಕೆಯಾಗಬೇಕು. ಅದರ ಉಕ್ಕಿನ ಫ್ರೇಮು ಬಾಗಿದರೆ ನೆಟ್ಟಗೆ ಮಾಡಿಸಬಹುದು, ಬಿರುಕು ಬಿಟ್ಟರೆ ಯಾವುದೇ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಬೆಸೆಸಬಹುದು. ಹಳೆಯ ಬ್ರಿಟಿಷ್ ಪದ್ಧತಿಯಂತೆ ಇದರ ಮುಂದಿನ ಚಕ್ರಕ್ಕೆ 32, ಹಿಂದಿನ ಚಕ್ರಕ್ಕೆ 40 ಕಡ್ಡಿಗಳಿರುತ್ತವೆ. ಭಾರವೆಲ್ಲ ಹಿಂದೆಯೇ ಬೀಳುವುದರಿಂದ ಆ ಎಂಟು ಹೆಚ್ಚುವರಿ ಕಡ್ಡಿಗಳ ಬೆಲೆ ಹೇರಿದ ದಿನ ತಿಳಿಯುತ್ತದೆ. ಸೀಟಿನಿಂದ ಹ್ಯಾಂಡಲ್‌ವರೆಗೆ ಎರಡು ಕೊಳವೆಗಳಿರುವ ಡಬಲ್ ಬಾರ್ ಸೈಕಲ್ಲು ಸಿಕ್ಕರೆ ಇನ್ನೂ ಒಳ್ಳೆಯದು, ಏಕೆಂದರೆ ಹಿಂದೆ ಭಾರ ಹೇರಿದಾಗ ಫ್ರೇಮು ತಿರುಚಿಕೊಳ್ಳುವುದು ಅದರಲ್ಲಿ ಕಡಿಮೆ.

ಗೇರ್ ಸೈಕಲ್ಲಿನ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ. ಏರಿನಲ್ಲಿ ಅದರಷ್ಟು ಸಹಾಯ ಬೇರೆ ಯಾವುದೂ ಮಾಡದು. ಆದರೆ ಅಲ್ಯೂಮಿನಿಯಂ ಫ್ರೇಮು, ಮುಂದೆ ಸ್ಪ್ರಿಂಗ್ ಇರುವ ಫೋರ್ಕು, ಕ್ಯಾರಿಯರ್ ಬಿಗಿಯಲು ಜಾಗವೇ ಇಲ್ಲದ ಹಿಂಭಾಗ, ಇವಿರುವ ಸೈಕಲ್ಲನ್ನು ಭಾರದ ಕೆಲಸಕ್ಕೆ ತರಬಾರದು. ಸ್ಪ್ರಿಂಗ್ ಇಲ್ಲದ, ಉಕ್ಕಿನ ಫ್ರೇಮಿನ, 26 ಇಂಚಿನ ದಪ್ಪ ಟಯರಿನ ಹಳೆಯ ಗೇರ್ ಸೈಕಲ್ಲು ಸಿಕ್ಕಿದರೆ ಬಿಡಬೇಡಿ. ಚಿಕ್ಕ ಚಕ್ರ ದೊಡ್ಡ ಚಕ್ರಕ್ಕಿಂತ ಗಟ್ಟಿ, ದಪ್ಪ ಟಯರು ಗುಂಡಿಗಳ ಪೆಟ್ಟನ್ನು ನುಂಗುತ್ತದೆ.

ಭಾರವನ್ನು ಸೈಕಲ್ಲಿನ ಯಾವ ಭಾಗದಲ್ಲಿ ಇಡಬೇಕು?

ಕೆಳಗೆ, ಎರಡೂ ಬದಿಗೆ ಸಮವಾಗಿ, ಹಿಂದಿನ ಆಕ್ಸಲ್ಲಿಗಿಂತ ಹಿಂದಕ್ಕೆ ಹೋಗದಂತೆ. ಈ ಮೂರರಲ್ಲಿ ಕೊನೆಯದನ್ನೇ ಜನ ಹೆಚ್ಚಾಗಿ ಮರೆಯುತ್ತಾರೆ. ಕ್ಯಾರಿಯರ್ ಉದ್ದವಾಗಿದೆ ಎಂದು 60 ಕೆ.ಜಿ. ಮೂಟೆಯನ್ನು ಅದರ ತುದಿಗೆ ಸರಿಸಿದಿರಿ, ಮೂಟೆಯ ನಡುಭಾಗ ಆಕ್ಸಲ್ಲಿಗಿಂತ 20 ಸೆಂ.ಮೀ. ಹಿಂದೆ ಬಿತ್ತು ಎಂದುಕೊಳ್ಳಿ. ಎರಡು ಚಕ್ರಗಳ ನಡುವಿನ ಅಂತರ ಸುಮಾರು 115 ಸೆಂ.ಮೀ. ಇರುವುದರಿಂದ, ಮುಂದಿನ ಚಕ್ರದ ಮೇಲಿನ ತೂಕದಲ್ಲಿ ಸುಮಾರು 10 ಕೆ.ಜಿ. ಕಡಿಮೆಯಾಗುತ್ತದೆ. ಬರಿಯ ಸೈಕಲ್ಲಿನಲ್ಲಿ ಸವಾರ ಕುಳಿತಾಗ ಮುಂದಿನ ಚಕ್ರದ ಮೇಲಿರುವುದೇ 30 ಕೆ.ಜಿ. ಆಸುಪಾಸು. ಅದರಲ್ಲಿ ಮೂರನೆಯ ಒಂದು ಪಾಲು ಹೋದರೆ ಹ್ಯಾಂಡಲ್ಲು ಹಗುರವಾಗಿ ಅಲುಗಾಡತೊಡಗುತ್ತದೆ. ಏರಿನಲ್ಲಿ ಇಳಿದು ತಳ್ಳಲು ಹೋದರೆ ಮುಂದಿನ ಚಕ್ರ ನೆಲ ಬಿಟ್ಟು ಮೇಲೇಳುತ್ತದೆ. ಅದೇ ಮೂಟೆಯನ್ನು ಸೀಟಿಗೆ ತಾಗುವಂತೆ ಮುಂದಕ್ಕೆ ಸರಿಸಿದರೆ ಈ ತೊಂದರೆ ಬಹುಮಟ್ಟಿಗೆ ಇಲ್ಲವಾಗುತ್ತದೆ.

ಎತ್ತರದ ವಿಷಯವೂ ಹೀಗೆಯೇ. ಕ್ಯಾರಿಯರಿನ ಮೇಲೆ ಒಂದರ ಮೇಲೊಂದು ಚೀಲ ಪೇರಿಸುವ ಬದಲು, ಚಕ್ರದ ಎರಡೂ ಬದಿಗೆ ಇಳಿಬಿಟ್ಟರೆ ಸೈಕಲ್ಲು ಹಿಡಿತದಲ್ಲಿರುತ್ತದೆ. ಫ್ರೇಮಿನ ತ್ರಿಕೋನದೊಳಗೆ ತೆಳುವಾದ ಚೀಲವೊಂದನ್ನು ಕೂರಿಸುವುದೂ ಒಳ್ಳೆಯ ಉಪಾಯ, ಆದರೆ ಮೊಣಕಾಲಿಗೆ ತಾಗುವಷ್ಟು ದಪ್ಪವಾಗಿದ್ದರೆ ತುಳಿಯಲಾಗದು. ಹ್ಯಾಂಡಲ್ಲಿಗೆ ಭಾರದ ಚೀಲ ನೇತುಹಾಕುವ ಅಭ್ಯಾಸವನ್ನು ಮಾತ್ರ ಬಿಟ್ಟುಬಿಡಬೇಕು. ತೂಗಾಡುವ ಚೀಲ ಹ್ಯಾಂಡಲ್ಲನ್ನು ಎಳೆದಾಡುತ್ತದೆ, ಎಂದಾದರೊಂದು ದಿನ ಮುಂದಿನ ಚಕ್ರದ ಕಡ್ಡಿಗಳೊಳಗೆ ಸಿಕ್ಕಿಕೊಳ್ಳುತ್ತದೆ. ಹಾಗೆ ಸಿಕ್ಕಿಕೊಂಡಾಗ ಸವಾರ ಹ್ಯಾಂಡಲ್ಲಿನ ಮೇಲಿನಿಂದ ಮುಂದಕ್ಕೆ ಬೀಳುತ್ತಾನೆ, ಪೆಟ್ಟು ತಲೆಗೇ ತಾಗುತ್ತದೆ.

ಸಾಮಾನನ್ನು ಕಟ್ಟುವ ಸರಿಯಾದ ವಿಧಾನ ಯಾವುದು?

ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಮಾಡಿದ ರಬ್ಬರ್ ಪಟ್ಟಿಗಿಂತ ಒಳ್ಳೆಯ ಸಾಧನ ಇನ್ನೂ ಬಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹಗ್ಗ ಕಟ್ಟಿದಾಗ ಎಷ್ಟು ಬಿಗಿಯಿತ್ತೋ ಅಷ್ಟೇ. ದಾರಿಯಲ್ಲಿ ಮೂಟೆ ಕುಲುಕಿ ಒಂದು ಬೆರಳಿನಷ್ಟು ಕುಗ್ಗಿದರೂ ಅದು ಸಡಿಲವಾಗುತ್ತದೆ. ರಬ್ಬರ್ ಪಟ್ಟಿ ಮೂಟೆ ಕುಗ್ಗಿದಂತೆಲ್ಲ ತಾನೂ ಕುಗ್ಗಿ ಹಿಡಿತ ಉಳಿಸಿಕೊಳ್ಳುತ್ತದೆ.

ಎಳನೀರು ಮಾರುವವರು ಗೊನೆ ಕಟ್ಟುವುದನ್ನು ಹತ್ತಿರ ನಿಂತು ನೋಡಿದರೆ ಈ ವಿದ್ಯೆಯೆಲ್ಲ ತಿಳಿಯುತ್ತದೆ. ಮೊದಲು ಎರಡು ಗೊನೆಗಳನ್ನು ತೊಟ್ಟಿನ ಕಡೆಯಿಂದ ಜೋಡಿಸಿ ಕ್ಯಾರಿಯರಿಗೆ ಅಡ್ಡಲಾಗಿ, ಒಂದು ಎಡಕ್ಕೆ ಒಂದು ಬಲಕ್ಕೆ ಇಳಿಯುವಂತೆ ಹಾಕುತ್ತಾರೆ. ಪಟ್ಟಿಯ ಒಂದು ತುದಿಯನ್ನು ಕ್ಯಾರಿಯರಿನ ಕಾಲಿಗೆ ಗಂಟು ಹಾಕಿ, ತೊಟ್ಟುಗಳ ಮೇಲಿನಿಂದ ಅಡ್ಡಡ್ಡವಾಗಿ ಎಳೆದು ಎದುರು ಬದಿಯ ಕಾಲಿಗೆ ಸುತ್ತುತ್ತಾರೆ. ಪ್ರತಿ ಸುತ್ತಿಗೂ ಪಟ್ಟಿಯನ್ನು ಪೂರ್ತಿ ಹಿಗ್ಗಿಸಿಯೇ ಮುಂದಿನ ಸುತ್ತು. ಮೂರನೆಯ ಗೊನೆ ಆ ಎರಡರ ನಡುವಿನ ಸಂದಿಯಲ್ಲಿ ಕುಳಿತುಕೊಳ್ಳುತ್ತದೆ. ಕೊನೆಯಲ್ಲಿ ಗೊನೆಯನ್ನು ಹಿಡಿದು ಅಲ್ಲಾಡಿಸುತ್ತಾರೆ. ಗೊನೆಯ ಜೊತೆಗೆ ಇಡೀ ಸೈಕಲ್ಲೂ ಅಲ್ಲಾಡಿದರೆ ಕಟ್ಟು ಸರಿಯಾಗಿದೆ, ಗೊನೆಯೊಂದೇ ಅಲ್ಲಾಡಿದರೆ ಬಿಚ್ಚಿ ಮತ್ತೆ ಕಟ್ಟಬೇಕು. ಒಂದು ಕಾಯಿ ಒಂದೂವರೆ ಕೆ.ಜಿ. ತೂಗಿದರೂ 50 ಕಾಯಿಗೆ 75 ಕೆ.ಜಿ. ಆಗುತ್ತದೆ. ಅಷ್ಟು ತೂಕ ಗುಂಡಿಯೊಂದರಲ್ಲಿ ಒಂದು ಬದಿಗೆ ಜರುಗಿದರೆ ಯಾವ ಸವಾರನಿಂದಲೂ ತಡೆಯಲಾಗದು.

ಪಟ್ಟಿಯ ಬಾಲವನ್ನು ಒಳಗೆ ಸಿಕ್ಕಿಸುವುದನ್ನು ಮರೆಯಬಾರದು. ಜೋತಾಡುವ ತುದಿ ಚೈನಿಗೋ ಕಡ್ಡಿಗೋ ಸುತ್ತಿಕೊಂಡು ಚಕ್ರವನ್ನೇ ಹಿಡಿದು ನಿಲ್ಲಿಸಿಬಿಡುತ್ತದೆ.

ನೀರು, ಹಾಲಿನಂತಹ ದ್ರವಗಳನ್ನು ಸಾಗಿಸುವಾಗ ಬೇರೆ ಎಚ್ಚರಿಕೆ ಬೇಕೇ?

ಖಂಡಿತ ಬೇಕು. ತುಂಬಿದ ಕೊಡಕ್ಕಿಂತ ಅರ್ಧ ತುಂಬಿದ ಕೊಡ ಅಪಾಯಕಾರಿ. ಪೂರ್ತಿ ತುಂಬಿ ಮುಚ್ಚಳ ಹಾಕಿದ ದ್ರವ ಗಟ್ಟಿ ವಸ್ತುವಿನಂತೆಯೇ ಕೂತಿರುತ್ತದೆ. ಅರ್ಧ ತುಂಬಿದ್ದು ಬ್ರೇಕು ಹಾಕಿದಾಗ ಮುಂದಕ್ಕೂ ತಿರುವಿನಲ್ಲಿ ಪಕ್ಕಕ್ಕೂ ನುಗ್ಗಿ, ಸವಾರ ಸಮತೋಲನ ಸರಿಪಡಿಸಿಕೊಳ್ಳುವ ಹೊತ್ತಿಗೇ ಮತ್ತೆ ಎದುರು ದಿಕ್ಕಿಗೆ ನುಗ್ಗುತ್ತದೆ. ಆದ್ದರಿಂದ ನಾಲ್ಕು ಕೊಡಗಳಲ್ಲಿ ಅರ್ಧರ್ಧ ತರುವುದಕ್ಕಿಂತ ಎರಡನ್ನು ತುಂಬ ತುಂಬಿ ತರುವುದೇ ಮೇಲು.

ಉತ್ತರ ಕರ್ನಾಟಕದ ಊರುಗಳಲ್ಲಿ ಬೇಸಿಗೆಯ ದಿನಗಳಲ್ಲಿ ಕ್ಯಾರಿಯರಿನ ಎರಡೂ ಬದಿಗೆ ಕಬ್ಬಿಣದ ಕೊಕ್ಕೆ ಹಾಕಿಸಿ, ಕೊಡದ ಕುತ್ತಿಗೆಯನ್ನು ಅದಕ್ಕೆ ಸಿಕ್ಕಿಸಿ ನೀರು ತರುವುದನ್ನು ಕಾಣಬಹುದು. ಇದು ಬಹಳ ಚೆನ್ನಾಗಿ ಯೋಚಿಸಿದ ಏರ್ಪಾಡು. ಭಾರ ಚಕ್ರದ ಆಕ್ಸಲ್ಲಿನ ಮಟ್ಟಕ್ಕೆ ಇಳಿಯುತ್ತದೆ, ಕೊಡ ತೆಗೆಯುವುದಕ್ಕೂ ಹಾಕುವುದಕ್ಕೂ ಗಂಟು ಬಿಚ್ಚಬೇಕಾಗಿಲ್ಲ. ಕೊಡದ ತಳ ತೂಗಾಡದಂತೆ ಒಂದು ಅಡ್ಡ ಸರಳನ್ನೂ ಬೆಸೆಸಿಬಿಟ್ಟರೆ ಇನ್ನೇನೂ ಬೇಡ. ಹಾಲಿನ 40 ಲೀಟರ್ ಕ್ಯಾನಿನಲ್ಲಿ ಹಾಲೇ 41 ಕೆ.ಜಿ.ಯಷ್ಟಿರುತ್ತದೆ, ಕ್ಯಾನಿನ ತೂಕ ಬೇರೆ. ಅಂತಹ ಒಂದೇ ಕ್ಯಾನನ್ನು ಒಂದೇ ಬದಿಗೆ ತೂಗುಹಾಕಬಾರದು; ಒಂದೇ ಇದ್ದರೆ ಕ್ಯಾರಿಯರಿನ ಮಧ್ಯದಲ್ಲಿ, ಸೀಟಿಗೆ ಒತ್ತಿ ನಿಲ್ಲಿಸಿ ಕಟ್ಟಬೇಕು.

ಅಡುಗೆ ಗ್ಯಾಸ್ ಸಿಲಿಂಡರನ್ನು ಸೈಕಲ್ಲಿನಲ್ಲಿ ತರಬಹುದೇ?

ತರಬಾರದು. ಕೇಂದ್ರ ಸರ್ಕಾರದ ಗ್ಯಾಸ್ ಸಿಲಿಂಡರ್ ನಿಯಮಗಳು ತುಂಬಿದ ಸಿಲಿಂಡರನ್ನು ಸೈಕಲ್ಲಿನಲ್ಲಾಗಲಿ ಮೋಟರ್ ಬೈಕಿನಲ್ಲಾಗಲಿ ಸಾಗಿಸುವುದನ್ನು ನಿಷೇಧಿಸಿವೆ. ಎಲ್ಲರೂ ತರುತ್ತಾರಲ್ಲ ಎಂಬ ಮಾತು ಸುಳ್ಳಲ್ಲ, ಆದರೆ 14.2 ಕೆ.ಜಿ. ಅನಿಲ ತುಂಬಿ ಒಟ್ಟು 30 ಕೆ.ಜಿ. ಹತ್ತಿರ ತೂಗುವ ಉರುಟಾದ ಲೋಹದ ವಸ್ತು ರಸ್ತೆಗೆ ಉರುಳಿದರೆ ಏನಾಗಬಹುದೆಂದು ಯೋಚಿಸಿದರೆ ನಿಯಮದ ಕಾರಣ ತಿಳಿಯುತ್ತದೆ. ಮನೆಗೇ ತಲುಪಿಸುವ ವ್ಯವಸ್ಥೆ ಇರುವುದರಿಂದ ಅದನ್ನೇ ಬಳಸಬೇಕು.

ಹಿಂದಿನ ಚಕ್ರದ ಕಡ್ಡಿಗಳು ಪದೇ ಪದೇ ಮುರಿಯುತ್ತವೆ. ಕಾರಣವೇನು?

ಭಾರ ಹೆಚ್ಚಾಯಿತು ಎಂದು ಎಲ್ಲರೂ ಹೇಳುತ್ತಾರೆ, ಆದರೆ ಬಹುತೇಕ ಸಂದರ್ಭಗಳಲ್ಲಿ ನಿಜವಾದ ಕಾರಣ ಕಡ್ಡಿಗಳು ಸಡಿಲವಾಗಿರುವುದು. ಚಕ್ರ ಉರುಳುವಾಗ ನೆಲದ ಕಡೆ ಬರುವ ಕಡ್ಡಿಗಳ ಬಿಗಿ ಒಂದು ಕ್ಷಣ ಇಳಿಯುತ್ತದೆ, ಮೇಲೆ ಹೋದಾಗ ಮತ್ತೆ ಏರುತ್ತದೆ. 28 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಕ್ರಮಿಸುವುದರಿಂದ ಒಂದು ಕಿ.ಮೀ.ಗೆ ಸುಮಾರು 450 ಬಾರಿ, 10 ಕಿ.ಮೀ.ಗೆ 4,500 ಬಾರಿ ಪ್ರತಿಯೊಂದು ಕಡ್ಡಿಯೂ ಹೀಗೆ ಸಡಿಲಗೊಂಡು ಬಿಗಿಯಾಗುತ್ತದೆ. ಮೊದಲೇ ಸಡಿಲವಿದ್ದ ಕಡ್ಡಿ ಪೂರ್ತಿ ಜೋಲುಬಿದ್ದು, ಚಕ್ರದ ನಡುವಿನ ಹಬ್ಬಿನ (ಗುಂಬದ) ತೂತಿನಲ್ಲಿ ಬಾಗಿರುವ ಕಡೆ ಅಲುಗಾಡಿ ಅಲುಗಾಡಿ ಅಲ್ಲಿಯೇ ತುಂಡಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುವುದೂ ಇದೇ ರೀತಿಯಲ್ಲಿ. ಒಂದು ಕಡ್ಡಿ ಹೋದರೆ ಅದರ ಭಾರ ಅಕ್ಕಪಕ್ಕದವಕ್ಕೆ ಬೀಳುತ್ತದೆ, ಒಂದು ವಾರದಲ್ಲಿ ಅವೂ ಹೋಗುತ್ತವೆ.

ಪರಿಹಾರ ಕಷ್ಟದ್ದಲ್ಲ. ಭಾರ ಸಾಗಿಸಲು ಆರಂಭಿಸುವ ಮೊದಲೇ ಹಿಂದಿನ ಚಕ್ರವನ್ನು ನುರಿತ ಸೈಕಲ್ ರಿಪೇರಿಯವರ ಕೈಗೆ ಕೊಟ್ಟು ದಪ್ಪ ಕಡ್ಡಿ ಹಾಕಿಸಿ, ಎಲ್ಲವನ್ನೂ ಸಮನಾಗಿ ಬಿಗಿ ಮಾಡಿಸಬೇಕು. ಒಂದೇ ಬದಿಯ ಕಡ್ಡಿಗಳನ್ನು ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿದಾಗ ಒಂದೇ ಬಗೆಯ ನಾದ ಹೊರಟರೆ ಬಿಗಿ ಸಮನಾಗಿದೆ ಎಂದರ್ಥ. ಯಾವುದಾದರೊಂದು ಮಂಕಾಗಿ ‘ಠಪ್’ ಎಂದರೆ ಅದನ್ನು ಬಿಗಿಯಬೇಕು. ಹೊಸದಾಗಿ ಕಟ್ಟಿದ ಚಕ್ರ ಮೊದಲ ಕೆಲವು ದಿನಗಳ ಓಡಾಟದಲ್ಲಿ ಸ್ವಲ್ಪ ಸಡಿಲಗೊಳ್ಳುವುದು ಸಹಜ. ಆಗ ಮತ್ತೊಮ್ಮೆ ಬಿಗಿ ಮಾಡಿಸದೆ ಬಿಟ್ಟವರೇ ಕಡ್ಡಿ ಉಳಿಯುವುದಿಲ್ಲ ಎಂದು ದೂರುತ್ತಾರೆ.

ಟಯರಿಗೆ ಎಷ್ಟು ಗಾಳಿ ಇರಬೇಕು?

ಟಯರಿನ ಪಕ್ಕದಲ್ಲಿ ಅಚ್ಚೊತ್ತಿರುವ ಗರಿಷ್ಠ ಒತ್ತಡದಷ್ಟು. ಭಾರವಿಲ್ಲದ ದಿನಗಳಲ್ಲಿ ಅದಕ್ಕಿಂತ ಕಡಿಮೆ ಇದ್ದರೂ ನಡೆಯುತ್ತದೆ, ಹೇರಿದ ದಿನ ನಡೆಯುವುದಿಲ್ಲ. ಗಾಳಿ ಕಡಿಮೆಯಿದ್ದರೆ ಗುಂಡಿಯ ಅಂಚಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕಿ ಜೋಡಿ ತೂತು ಬೀಳುತ್ತದೆ. ಅದಲ್ಲದೆ, ಜೋರಾಗಿ ತುಳಿದಾಗ ಟಯರು ರಿಮ್ಮಿನ ಮೇಲೆ ಅಂಗುಲ ಅಂಗುಲವಾಗಿ ಜರುಗಿ, ತನ್ನೊಂದಿಗೆ ಟ್ಯೂಬನ್ನೂ ಎಳೆದುಕೊಂಡು ಹೋಗಿ, ವಾಲ್ವಿನ ಬುಡವನ್ನೇ ಹರಿಯುತ್ತದೆ. ಹಾಗೆ ಹರಿದ ಜಾಗಕ್ಕೆ ಪ್ಯಾಚು ಹಾಕಲು ಬರುವುದಿಲ್ಲ. ವಾಲ್ವು ನೆಟ್ಟಗೆ ನಿಲ್ಲದೆ ಓರೆಯಾಗಿರುವುದು ಕಂಡರೆ ಆಗಲೇ ಗಾಳಿ ಬಿಟ್ಟು, ಟಯರನ್ನು ಹಿಂದಕ್ಕೆ ಸರಿಸಿ ಮತ್ತೆ ತುಂಬಬೇಕು.

ಬ್ರೇಕುಗಳು ಸಾಕಾಗುತ್ತವೆಯೇ?

ಇಡೀ ವಿಷಯದಲ್ಲಿ ನನಗೆ ಅತ್ಯಂತ ಕಳವಳವಿರುವುದು ಇದರ ಬಗ್ಗೆಯೇ. ಭಾರ ಹೊರುವುದು ಸೈಕಲ್ಲಿಗೆ ಸುಲಭ, ಆ ಭಾರವನ್ನು ನಿಲ್ಲಿಸುವುದು ಕಷ್ಟ. ಸವಾರನೂ ಸೈಕಲ್ಲೂ ಸೇರಿ 82 ಕೆ.ಜಿ. ಇದ್ದಾಗ ನಿಲ್ಲುತ್ತಿದ್ದ ದೂರಕ್ಕಿಂತ, 172 ಕೆ.ಜಿ. ಇದ್ದಾಗ ಅದೇ ವೇಗದಲ್ಲಿ, ಅದೇ ಬ್ರೇಕಿನ ಬಲದಲ್ಲಿ ಎರಡು ಪಟ್ಟಿಗೂ ಹೆಚ್ಚು ದೂರ ಬೇಕಾಗುತ್ತದೆ. ವೇಗ ತಗ್ಗಿಸುವುದೊಂದೇ ಇದಕ್ಕೆ ಉಪಾಯ. ಬರಿಯ ಸೈಕಲ್ಲು ಗಂಟೆಗೆ 15 ಕಿ.ಮೀ. ವೇಗದಲ್ಲಿರುವಾಗ ಇರುವಷ್ಟೇ ಚಲನಶಕ್ತಿ, ಹೇರಿದ ಸೈಕಲ್ಲು ಗಂಟೆಗೆ 10 ಕಿ.ಮೀ. ವೇಗದಲ್ಲಿರುವಾಗ ಇರುತ್ತದೆ. ಹೀಗಾಗಿ ಹೇರಿಕೊಂಡಾಗ ಎಂದಿನ ವೇಗದ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ವೇಗ ಹೋಗದಿದ್ದರೆ, ಕೈಗೆ ಅಭ್ಯಾಸವಾದ ದೂರದಲ್ಲಿಯೇ ಸೈಕಲ್ಲು ನಿಲ್ಲುತ್ತದೆ.

ಸಾದಾ ಸೈಕಲ್ಲಿನ ಸರಳು ಬ್ರೇಕು ಒಣ ರಸ್ತೆಯಲ್ಲಿ ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ಮಳೆಯಲ್ಲಿ ಹೊಳಪಿನ ಉಕ್ಕಿನ ರಿಮ್ಮು ನೆನೆದರೆ ರಬ್ಬರು ಜಾರುತ್ತದೆ, ನಿಲ್ಲುವ ದೂರ ಹಲವು ಪಟ್ಟು ಹೆಚ್ಚುತ್ತದೆ. ಮಳೆಯಲ್ಲಿ ಹೋಗಲೇಬೇಕಾದರೆ ಬ್ರೇಕನ್ನು ಆಗಾಗ ಹಗುರವಾಗಿ ಒತ್ತಿ ರಿಮ್ಮಿನ ಮೇಲಿನ ನೀರನ್ನು ಒರೆಸುತ್ತಿರಬೇಕು. ಉದ್ದದ ಇಳಿಜಾರಿನಲ್ಲಿ ಮಳೆಯಿರಲಿ ಬಿಸಿಲಿರಲಿ, ಇಳಿಜಾರು ಶುರುವಾಗುವ ಮುನ್ನವೇ ಕೆಳಗಿಳಿದು, ಬ್ರೇಕು ಹಿಡಿದು ನಡೆದುಕೊಂಡೇ ಇಳಿಯಬೇಕು. ಅರ್ಧ ದಾರಿಯಲ್ಲಿ ವೇಗ ಹೆಚ್ಚಾದ ಮೇಲೆ ಇಳಿಯುತ್ತೇನೆ ಎಂದುಕೊಂಡವರಿಗೆ ಇಳಿಯುವ ಅವಕಾಶವೇ ಸಿಗುವುದಿಲ್ಲ. ಮಲೆನಾಡಿನ ಘಟ್ಟದ ರಸ್ತೆಗಳಲ್ಲಿ ಭಾರದ ಸೈಕಲ್ಲನ್ನು ತುಳಿದುಕೊಂಡು ಇಳಿಯುವ ಸಾಹಸವನ್ನು ಯಾರೂ ಮಾಡಬಾರದು.

ಏರು ಬಂದಾಗ ತುಳಿಯಬೇಕೇ, ಇಳಿದು ತಳ್ಳಬೇಕೇ?

ತಳ್ಳಬೇಕು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆರೋಗ್ಯವಂತ ಮನುಷ್ಯ ದಿನವಿಡೀ ದಣಿಯದೆ ಕೊಡಬಲ್ಲ ಶಕ್ತಿ ಸುಮಾರು 75 ವಾಟ್. ಒಳ್ಳೆಯ ಡಾಂಬರು ರಸ್ತೆಯ ಸಮತಟ್ಟಿನಲ್ಲಿ 172 ಕೆ.ಜಿ.ಯನ್ನು ಗಂಟೆಗೆ 10 ಕಿ.ಮೀ. ವೇಗದಲ್ಲಿ ಸಾಗಿಸಲು 40 ವಾಟ್ ಸಾಕು. ಸಮತಟ್ಟಿನಲ್ಲಿ ಸೈಕಲ್ಲು ಅಷ್ಟು ಭಾರವನ್ನು ಅಷ್ಟು ಹಗುರವಾಗಿ ಒಯ್ಯುವುದು ಇದೇ ಕಾರಣಕ್ಕೆ. 100 ಮೀಟರಿಗೆ 3 ಮೀಟರ್ ಏರುವ ರಸ್ತೆ ಕಣ್ಣಿಗೆ ಏರೆಂದೇ ಕಾಣುವುದಿಲ್ಲ, ಆದರೆ ಅಲ್ಲಿ ಅದೇ ವೇಗಕ್ಕೆ 180 ವಾಟ್ ಬೇಕು. ಕೆಲವು ನಿಮಿಷ ಅಷ್ಟನ್ನು ಕೊಡಬಹುದು, ಆಮೇಲೆ ಮೊಣಕಾಲು ನೋಯತೊಡಗುತ್ತದೆ. ಗಂಟೆಗೆ 4 ಕಿ.ಮೀ. ನಡಿಗೆಯ ವೇಗದಲ್ಲಿ ಅದೇ ಏರಿಗೆ 70 ವಾಟ್ ಸಾಕಾಗುತ್ತದೆ. ಅಷ್ಟು ನಿಧಾನವಾಗಿ ಗೇರಿಲ್ಲದ ಸೈಕಲ್ಲನ್ನು ತುಳಿಯುತ್ತ ಸಮತೋಲನ ಕಾಯುವುದು ಆಗದ ಮಾತು, ಆದ್ದರಿಂದ ನಡೆಯುವುದೇ ಸರಿ.

ದಿನವೂ ಸಣ್ಣಪುಟ್ಟ ಏರುಗಳಿರುವ ದಾರಿಯಾದರೆ ಹಿಂದಿನ ಚಕ್ರದ 18 ಹಲ್ಲಿನ ಫ್ರೀವೀಲ್ (ಚೈನು ಕೂರುವ ಹಲ್ಲುಚಕ್ರ) ತೆಗೆಸಿ 20 ಅಥವಾ 22 ಹಲ್ಲಿನದನ್ನು ಹಾಕಿಸಿಕೊಳ್ಳಬಹುದು. 22 ಹಲ್ಲಿನದಾದರೆ ಪೆಡಲಿನ ಮೇಲೆ ಹಾಕಬೇಕಾದ ಬಲ ಸುಮಾರು ಐದನೆಯ ಒಂದು ಪಾಲು ಇಳಿಯುತ್ತದೆ. ವೇಗವೂ ಅಷ್ಟೇ ಇಳಿಯುತ್ತದೆ, ಭಾರದ ಸೈಕಲ್ಲಿಗೆ ಅದು ನಷ್ಟವಲ್ಲ.

ಸೈಕಲ್ಲನ್ನು ತಳ್ಳಿ 200–300 ಕೆ.ಜಿ. ಸಾಗಿಸಿದ್ದಾರೆ ಎನ್ನುತ್ತಾರೆ. ಇದು ನಿಜವೇ?

ನಿಜ. ಇದಕ್ಕೆ ಅತ್ಯಂತ ದೊಡ್ಡ ನಿದರ್ಶನ 1954ರ ವಿಯೆಟ್ನಾಂ. ದಿಯೆನ್ ಬಿಯೆನ್ ಫು ಎಂಬ ಬೆಟ್ಟಗಳ ನಡುವಿನ ಕಣಿವೆಯಲ್ಲಿ ಫ್ರೆಂಚ್ ಸೇನೆ ಬೀಡುಬಿಟ್ಟಿತ್ತು. ಅಷ್ಟು ದುರ್ಗಮವಾದ ಜಾಗಕ್ಕೆ ಎದುರಾಳಿಗಳು ದೊಡ್ಡ ಪ್ರಮಾಣದಲ್ಲಿ ಅಕ್ಕಿ, ಮದ್ದುಗುಂಡು ಸಾಗಿಸಲಾರರು ಎಂಬುದು ಫ್ರೆಂಚರ ನಂಬಿಕೆಯಾಗಿತ್ತು. ಆದರೆ ಎದುರಾಳಿ ವಿಯೆಟ್ನಾಮೀಯರ ಜನರಲ್ ವೋ ಎನ್‌ಗುಯೆನ್ ಜಿಯಾಪ್ ಅವರ ಸೇನೆಗೆ ಲಾರಿಗಳ ಜೊತೆಗೆ 20,000ಕ್ಕೂ ಹೆಚ್ಚು ಸೈಕಲ್ಲುಗಳು ನೂರಾರು ಕಿ.ಮೀ. ದೂರದಿಂದ ಸಾಮಗ್ರಿ ತಂದು ಒದಗಿಸಿದವು. ಸೈಕಲ್ಲುಗಳಲ್ಲಿ ಹಲವು ಫ್ರಾನ್ಸಿನಲ್ಲಿಯೇ ತಯಾರಾದ ಪ್ಯೂಜೋ ಸೈಕಲ್ಲುಗಳು. ಮಾರ್ಚ್ 13ರಂದು ಶುರುವಾದ ಕಾಳಗ ಮೇ 7ರಂದು ಫ್ರೆಂಚರ ಶರಣಾಗತಿಯಲ್ಲಿ ಮುಗಿಯಿತು. ಸೈಕಲ್ಲೊಂದಕ್ಕೆ 200 ಕೆ.ಜಿ. ಸಾಮಾನ್ಯ ಹೇರಾಗಿತ್ತು, ಕೆಲವರು 300 ಕೆ.ಜಿ.ಯನ್ನೂ ದಾಟಿಸಿದ್ದರು.

ಅವರು ಮಾಡಿಕೊಂಡಿದ್ದ ಬದಲಾವಣೆಗಳು ನಮ್ಮ ಕೆಲಸಕ್ಕೂ ಬರುವಂಥವು. ಹ್ಯಾಂಡಲ್ಲಿನ ಒಂದು ಬದಿಗೆ ಉದ್ದದ ಬಿದಿರು ಕಟ್ಟಿ, ಸೈಕಲ್ಲಿನಿಂದ ದೂರದಲ್ಲಿ ನಡೆಯುತ್ತಲೇ ದಿಕ್ಕು ತಿರುಗಿಸುತ್ತಿದ್ದರು. ಸೀಟಿನ ಜಾಗದಲ್ಲಿ ಇನ್ನೊಂದು ಬಿದಿರನ್ನು ನೆಟ್ಟಗೆ ನಿಲ್ಲಿಸಿ, ಅದನ್ನು ಹಿಡಿದು ತಳ್ಳುತ್ತ ಸೈಕಲ್ಲು ವಾಲದಂತೆ ನೋಡಿಕೊಳ್ಳುತ್ತಿದ್ದರು. ಫ್ರೇಮಿಗೆ ಮರದ ಅಥವಾ ಕಬ್ಬಿಣದ ಆಸರೆ ಕೊಟ್ಟು, ಟಯರಿನೊಳಗೆ ಹಳೆಯ ಬಟ್ಟೆಯ ಪಟ್ಟಿ ಸುತ್ತುತ್ತಿದ್ದರು. ಸವಾರ ಕೆಳಗಿಳಿದರೆ ಅವನ 60 ಕೆ.ಜಿ. ಚಕ್ರಗಳ ಮೇಲಿಂದ ಹೋಗುತ್ತದೆ, ಅಷ್ಟು ಜಾಗ ಸಾಮಾನಿಗೆ ಸಿಗುತ್ತದೆ. ಭಾರವನ್ನು ಎರಡೂ ಚಕ್ರಗಳ ನಡುವೆ, ಪೆಡಲುಗಳಿರುವ ಜಾಗದಲ್ಲಿಯೂ ಕೆಳಮಟ್ಟದಲ್ಲಿ ಇಳಿಬಿಡಬಹುದು. ತೋಟದಿಂದ ರಸ್ತೆಯವರೆಗೆ ಕಾಲುದಾರಿಯಲ್ಲಿ ಒಂದೆರಡು ಕಿ.ಮೀ. ಮೂಟೆ ಸಾಗಿಸುವವರು ಕುಳಿತು ತುಳಿಯುವ ಆಸೆ ಬಿಟ್ಟು ಈ ಏರ್ಪಾಡನ್ನು ಮಾಡಿಕೊಂಡರೆ, ತಲೆಹೊರೆಯಲ್ಲಿ ಮೂರು ಬಾರಿ ಹೋಗುವುದನ್ನು ಒಮ್ಮೆಗೇ ಮುಗಿಸಬಹುದು.

ಟ್ರೇಲರ್ ಅಥವಾ ಮೂರು ಚಕ್ರದ ಸೈಕಲ್ ಗಾಡಿ ಮೇಲಲ್ಲವೇ?

ದಿನವೂ 100 ಕೆ.ಜಿ.ಗಿಂತ ಹೆಚ್ಚು ಸಾಗಿಸುವುದಿದ್ದು, ರಸ್ತೆ ಅಗಲವಾಗಿಯೂ ಸಮತಟ್ಟಾಗಿಯೂ ಇದ್ದರೆ ಹೌದು. ಟ್ರೇಲರಿನಲ್ಲಿ ಭಾರವನ್ನು ಅದರದೇ ಎರಡು ಚಕ್ರಗಳು ಹೊರುತ್ತವೆ, ಸೈಕಲ್ಲು ಎಳೆಯುತ್ತದೆ ಅಷ್ಟೇ. ಕೊಂಡಿಯನ್ನು ಸೀಟಿನ ಕೆಳಗೆ ಹಾಕಿಸದೆ ಹಿಂದಿನ ಆಕ್ಸಲ್ಲಿನ ಬಳಿ, ತಗ್ಗಿನಲ್ಲಿ ಹಾಕಿಸಬೇಕು. ಟ್ರೇಲರಿನ ತೂಕದಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಕೊಂಡಿಯ ಮೇಲೆ ಬೀಳುವಂತೆ ಸಾಮಾನು ಜೋಡಿಸಬೇಕು. ತಿರುವಿನಲ್ಲಿ ಜೋರಾಗಿ ಬ್ರೇಕು ಹಾಕಿದರೆ ಹಿಂದಿನ ಭಾರ ಸೈಕಲ್ಲನ್ನು ಅಡ್ಡಕ್ಕೆ ತಳ್ಳುತ್ತದೆ, ಆದ್ದರಿಂದ ತಿರುವಿಗೆ ಮುನ್ನವೇ ವೇಗ ಇಳಿಸಬೇಕು.

ಮೂರು ಚಕ್ರದ ಗಾಡಿಯಲ್ಲಿ ಸಮತೋಲನದ ಚಿಂತೆಯಿಲ್ಲ, ನಿಲ್ಲಿಸಿದಲ್ಲಿ ನಿಲ್ಲುತ್ತದೆ. ನೀರಿನ ಕ್ಯಾನು, ಗುಜರಿ, ತರಕಾರಿಗೆ ಅದೇ ಸೂಕ್ತ. ಆದರೆ ಅದು ತಿರುವಿನಲ್ಲಿ ವಾಲುವುದಿಲ್ಲ. ವೇಗವಾಗಿ ತಿರುಗಿಸಿದರೆ ಒಳಬದಿಯ ಚಕ್ರ ಮೇಲೆದ್ದು ಗಾಡಿ ಮಗುಚುತ್ತದೆ.

ಬ್ಯಾಟರಿ ಮೋಟರ್ ಹಾಕಿಸಿಕೊಂಡರೆ ಲೈಸೆನ್ಸ್ ಬೇಕೇ?

ಮೋಟರಿನ ಶಕ್ತಿ 250 ವಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇದ್ದು, ನಿಯಮದ ಉಳಿದ ಷರತ್ತುಗಳನ್ನೂ ಪೂರೈಸಿದರೆ ಅದನ್ನು ಮೋಟರು ವಾಹನವೆಂದು ಪರಿಗಣಿಸುವುದಿಲ್ಲ. ನೋಂದಣಿಯಾಗಲಿ ಚಾಲನಾ ಪರವಾನಗಿಯಾಗಲಿ ಬೇಡ. ಏರಿನಲ್ಲಿ ಇದು ದೊಡ್ಡ ಉಪಕಾರ. ಮೋಟರ್ ಬಂದರೆ ಬ್ರೇಕೂ ಬದಲಾಗಬೇಕು ಎಂಬುದನ್ನು ಮಾತ್ರ ಮರೆಯಬಾರದು. ಸರಳು ಬ್ರೇಕಿನ ಸೈಕಲ್ಲಿಗೆ ಮೋಟರ್ ಕೂರಿಸಿ 90 ಕೆ.ಜಿ. ಹೇರುವುದು ಅಪಾಯವನ್ನು ಕೈಯಾರೆ ತಂದುಕೊಳ್ಳುವುದೇ ಸರಿ.

ಯಾವ ರಸ್ತೆಗಳಲ್ಲಿ ಹೋಗಬಾರದು?

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳ ಜೊತೆಗೆ ಸೈಕಲ್ಲಿನಂತಹ ಮೋಟರಿಲ್ಲದ ವಾಹನಗಳಿಗೂ ಪ್ರವೇಶವಿಲ್ಲ. ಮದ್ದೂರು, ಮಂಡ್ಯ ಸೀಮೆಯ ಎಳನೀರಿನವರು ಸರ್ವಿಸ್ ರಸ್ತೆಯನ್ನೇ ಬಳಸಬೇಕು. ಬೇರೆ ರಸ್ತೆಗಳಲ್ಲಿಯೂ ಮುಸ್ಸಂಜೆಯ ನಂತರ ಹೋಗಬೇಕಾಗಿ ಬಂದರೆ ಒಂದು ಸಂಗತಿಯನ್ನು ಗಮನಿಸಬೇಕು: ಹುಲ್ಲಿನ ಹೊರೆಯಾಗಲಿ ಗೋಣಿಚೀಲವಾಗಲಿ ಮಡ್‌ಗಾರ್ಡಿನ ಕೆಂಪು ರಿಫ್ಲೆಕ್ಟರನ್ನು ಪೂರ್ತಿ ಮುಚ್ಚಿಬಿಡುತ್ತದೆ. ಹಿಂದಿನಿಂದ ಬರುವ ಲಾರಿಯವರಿಗೆ ಕತ್ತಲಲ್ಲಿ ಕತ್ತಲಿನ ಬಣ್ಣದ್ದೇ ಮೂಟೆಯೊಂದು ಎದುರಾಗುತ್ತದೆ. ಹೊರೆಯ ಹೊರಮೈಗೆ, ಎಡ ಬಲ ಎರಡೂ ತುದಿಗಳಿಗೆ, ಬೆಳಕಿಗೆ ಹೊಳೆಯುವ ಪಟ್ಟಿ ಕಟ್ಟಲೇಬೇಕು.

ಹೇರುವಾಗಲೇ ಸೈಕಲ್ಲು ಬೀಳುತ್ತದೆ. ಒಬ್ಬರೇ ಇದ್ದರೆ ಏನು ಮಾಡುವುದು?

ಒಂದು ಕಾಲಿನ ಪಕ್ಕದ ಸ್ಟ್ಯಾಂಡು ಈ ಕೆಲಸಕ್ಕೆ ಆಗದು. ಚಕ್ರವನ್ನು ಎತ್ತಿ ನಿಲ್ಲಿಸುವ ಅಗಲದ ಜೋಡಿ ಕಾಲಿನ ಸ್ಟ್ಯಾಂಡು ಬೇಕು. ಗಟ್ಟಿ ನೆಲದಲ್ಲಿ, ಹ್ಯಾಂಡಲ್ಲನ್ನು ಗೋಡೆಗೋ ಮರಕ್ಕೋ ತಾಗಿಸಿ ನಿಲ್ಲಿಸಿ, ಮುಂದಿನ ಬ್ರೇಕನ್ನು ರಬ್ಬರ್ ಪಟ್ಟಿಯಿಂದ ಬಿಗಿದು ಕಟ್ಟಬೇಕು. ನಂತರ ಎಡಕ್ಕೊಂದು ಬಲಕ್ಕೊಂದರಂತೆ ಹಾಕುತ್ತ ಹೋಗಬೇಕು. ಇಳಿಸುವಾಗಲೂ ಇದೇ ಕ್ರಮ. ಒಂದು ಬದಿಯನ್ನು ಪೂರ್ತಿ ಇಳಿಸಿ ಇನ್ನೊಂದಕ್ಕೆ ಹೋದರೆ ಸೈಕಲ್ಲು ಮೈಮೇಲೆಯೇ ಬೀಳುತ್ತದೆ. ದಾರಿಯಲ್ಲಿ ನಿಲ್ಲಿಸಲು ಕ್ಯಾರಿಯರಿಗೆ ಆನಿಸುವ ಎತ್ತರದ ಕವೆಕೋಲನ್ನು ಜೊತೆಗಿಟ್ಟುಕೊಳ್ಳುವುದು ಹಳಬರ ಪದ್ಧತಿ, ಇಂದಿಗೂ ಅದಕ್ಕೆ ಸಾಟಿಯಿಲ್ಲ. ಹೇರಿದ ಸೈಕಲ್ಲು ಬೀಳಲು ಶುರುವಾದರೆ ತಡೆಯಲು ಹೋಗಬಾರದು. ಕೈಬಿಟ್ಟು ದೂರ ಸರಿಯಬೇಕು. ಬಾಗಿದ ರಿಮ್ಮನ್ನು ನೆಟ್ಟಗೆ ಮಾಡಿಸುವ ಖರ್ಚು ಉಳುಕಿದ ಬೆನ್ನಿನ ಚಿಕಿತ್ಸೆಗಿಂತ ಬಹಳ ಕಡಿಮೆ.

ವಾರಕ್ಕೊಮ್ಮೆ ಏನೇನು ನೋಡಿಕೊಳ್ಳಬೇಕು?

ಹಿಂದಿನ ಆಕ್ಸಲ್ಲಿನ ಎರಡೂ ನಟ್ಟುಗಳು, ಬ್ರೇಕಿನ ರಬ್ಬರು, ಕಡ್ಡಿಗಳ ಬಿಗಿ, ಚೈನಿನ ಎಣ್ಣೆ, ಟಯರಿನ ಪಕ್ಕದ ಬಿರುಕು. ಇವಕ್ಕಿಂತ ಹೆಚ್ಚಾಗಿ ಕ್ಯಾರಿಯರಿನ ಬೆಸುಗೆಗಳನ್ನು ನೋಡಬೇಕು. ಬೆಸುಗೆ ಒಂದೇ ಸಲಕ್ಕೆ ತುಂಡಾಗುವುದಿಲ್ಲ. ಮೊದಲು ಬಣ್ಣ ಕೂದಲೆಳೆಯಷ್ಟು ಸೀಳಿ, ಆ ಗೆರೆಯಲ್ಲಿ ತುಕ್ಕು ಕಾಣಿಸಿಕೊಳ್ಳುತ್ತದೆ. ಒದ್ದೆ ಬಟ್ಟೆಯಿಂದ ಧೂಳು ಒರೆಸಿ, ಕಾಲುಗಳು ಆಕ್ಸಲ್ಲಿಗೆ ಸೇರುವ ಜಾಗವನ್ನೂ ಸೀಟಿನ ಬೋಲ್ಟಿಗೆ ಸೇರುವ ಜಾಗವನ್ನೂ ಬೆಳಕಿಗೆ ಹಿಡಿದು ನೋಡಿದರೆ ಆ ಗೆರೆ ಕಣ್ಣಿಗೆ ಬೀಳುತ್ತದೆ. ಗೆರೆ ಕಂಡ ದಿನ ಹೇರುವುದನ್ನು ನಿಲ್ಲಿಸಿ, ಹಳೆಯ ಬೆಸುಗೆಯನ್ನು ಉಜ್ಜಿ ತೆಗೆಸಿ ಹೊಸದಾಗಿ ಹಾಕಿಸಬೇಕು.